ಇಪ್ಪತ್ತಾರು ಅಂದರೆ ಎಷ್ಟು?

ಸೈಕಲ್ಲಿನ ಗಾಲಿ ಎಷ್ಟು ಇಂಚಿನದಿರಬೇಕು ಎಂಬುದನ್ನು ನಮ್ಮೂರು ಸಾಸ್ವೆಹಳ್ಳಿಯಲ್ಲಿ ಸೈಕಲ್ ಹೊಡೆಯುವವನೇ ತೀರ್ಮಾನಿಸಿದ ಉದಾಹರಣೆ ನನಗಂತೂ ಗೊತ್ತಿಲ್ಲ. ನಾವು ಚಿಕ್ಕವರಿದ್ದಾಗ ಆ ಅಧಿಕಾರ ಬಾಡಿಗೆ ಸೈಕಲ್ ಅಂಗಡಿಯವನದು. ಅವನು ಮೊದಲು ನಮ್ಮ ಕೈಯಲ್ಲಿದ್ದ ಚಿಲ್ಲರೆ ನೋಡುತ್ತಿದ್ದ, ಆಮೇಲೆ ಕಾಲು ನೋಡುತ್ತಿದ್ದ. ಸಣ್ಣ ಸೈಕಲ್‌ಗಳೆಲ್ಲ ಹೋಗಿಬಿಟ್ಟಿದ್ದರೆ ದೊಡ್ಡದೇ ಗತಿ. ಅಡ್ಡ ಪೈಪಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತ, ಸೈಕಲ್ ಒಂದು ಕಡೆಗೆ ವಾಲಿದರೆ ನಾವು ಇನ್ನೊಂದು ಕಡೆಗೆ ವಾಲುತ್ತ, ಕಾಲುವೆ ಏರಿಯ ಮೇಲೆ ಹೋಗುತ್ತಿದ್ದೆವು. ಮೀಸೆ ಬಂದ ಮೇಲೆ ಅಪ್ಪನ ಸೈಕಲ್ ಕೈಗೆ ಬಂತು. ಅದರ ಗಾಲಿಯನ್ನು ಅಪ್ಪನೂ ಆರಿಸಿದ್ದಲ್ಲ. ಹಿಂದಿನ ಕ್ಯಾರಿಯರ್ ಮೇಲೆ ಕೂರಬೇಕಿದ್ದ ಭತ್ತದ ಚೀಲ ಆರಿಸಿತ್ತು. 2006-07ರಲ್ಲಿ ಸರ್ಕಾರವೇ ಎಂಟನೇ ತರಗತಿಯವರಿಗೆ ಸೈಕಲ್ ಹಂಚಲು ಶುರು ಮಾಡಿದ ಮೇಲಂತೂ ಆ ಚಿಂತೆ ವಿಧಾನಸೌಧಕ್ಕೇ ಹೋಯಿತು. ನಾಲ್ಕೂವರೆ ಅಡಿಯವನೂ ಐದೂಮುಕ್ಕಾಲು ಅಡಿಯವನೂ ಒಂದೇ ಬೆಂಚಿನಲ್ಲಿ ಕೂರುವ ತರಗತಿ ಯಾವುದಾದರೂ ಇದ್ದರೆ ಅದು ಎಂಟನೆಯದೇ. ಟೆಂಡರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಇಂಥ ಊರಿನಲ್ಲಿ, ಬೆಂಗಳೂರಿನಿಂದ ಬಂದ ಅಣ್ಣನ ಮಗ, "ಚಿಕ್ಕಪ್ಪ, ಸೈಕಲ್ ಪೋಲೋ ಆಡಾಕೆ ಎಷ್ಟು ಇಂಚಿನ ಗಾಲಿ ಆದ್ರೆ ಒಳ್ಳೇದು?" ಎಂದು ಕೇಳಿದ.

ಪೋಲೋ ಎಂದರೆ ಕುದುರೆ, ಕುದುರೆ ಎಂದರೆ ಮಹಾರಾಜರು, ಮಹಾರಾಜರು ಎಂದರೆ ಮೈಸೂರು ಎಂದಷ್ಟೇ ತಿಳಿದಿದ್ದ ನನಗೆ ಅವನೇ ಪಾಠ ಹೇಳಿದ. 1891ರಲ್ಲಿ ಐರ್ಲೆಂಡಿನ ವಿಕ್ಲೋ ಸೀಮೆಯಲ್ಲಿ ರಿಚರ್ಡ್ ಮೆಕ್ರೆಡಿ ಎಂಬಾತ ಪೋಲೋದಿಂದ ಕುದುರೆಯನ್ನು ಇಳಿಸಿ ಸೈಕಲ್ಲನ್ನು ಹತ್ತಿಸಿದನಂತೆ. ಆತ ಒಂದು ಸೈಕಲ್ ಪತ್ರಿಕೆಯ ಸಂಪಾದಕ. ಕುದುರೆ ಸಾಕುವಷ್ಟು ಸಂಬಳ ಸಂಪಾದಕರಿಗೆ ಯಾವ ದೇಶದಲ್ಲೂ ಇದ್ದಂತಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇದು ಪ್ರದರ್ಶನದ ಆಟವಾಗಿ ನಡೆದು, ಐರ್ಲೆಂಡಿನವರು ಜರ್ಮನಿಯವರನ್ನು ಸೋಲಿಸಿದರು. ನಮ್ಮ ದೇಶದಲ್ಲೂ 1966ರಷ್ಟು ಹಿಂದೆಯೇ ಸೈಕಲ್ ಪೋಲೋ ಫೆಡರೇಷನ್ ಹುಟ್ಟಿತು. ಆದರೆ ಅದೆಲ್ಲ ಹುಲ್ಲಿನ ಮೈದಾನದ ಆಟ. ಅಣ್ಣನ ಮಗನಿಗೆ ಹಿಡಿದಿದ್ದ ಹುಚ್ಚು ಬೇರೆ: 2000ದ ಆಸುಪಾಸಿನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ, ಸೈಕಲ್ ಮೇಲೆ ಕಾಗದ ಪತ್ರ ತಲುಪಿಸುವ ಹುಡುಗರು ಕೆಲಸವಿಲ್ಲದ ಹೊತ್ತಿನಲ್ಲಿ ಕಾಂಕ್ರೀಟ್ ನೆಲದ ಮೇಲೆ ಕಟ್ಟಿಕೊಂಡ ಆಟ ಅದು. ಒಂದೊಂದು ಕಡೆಗೆ ಮೂವರು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈಯಲ್ಲಿ ಉದ್ದ ಹಿಡಿಯ ಕೊಡತಿ. ಆರಡಿ ಅಗಲದ ಗೋಲು. ಕಾಲು ನೆಲಕ್ಕೆ ತಾಗಿತೋ, ಅಂಕಣದ ನಡುವಿಗೆ ಹೋಗಿ ಕೊಡತಿಯಿಂದ ಮುಟ್ಟಿ ಬರಬೇಕು. ಅಲ್ಲೀತನಕ ಚೆಂಡಿನ ತಂಟೆಗೆ ಹೋಗುವಂತಿಲ್ಲ.

ಗಟ್ಟಿ ನೆಲಕ್ಕೆ ನಮ್ಮಲ್ಲೇನು ಬರ? ಹೊನ್ನಾಳಿ, ಚನ್ನಗಿರಿ ಕಡೆ ಅಡಿಕೆ ಬೆಳೆಯುವವನಿಗೆ ಮನೆಯ ಸೂರು ಸೋರಿದರೂ ಕಣದ ಸಿಮೆಂಟು ಬಿರುಕು ಬಿಡಬಾರದು. ನಮ್ಮ ಕಣ ನೂರಡಿ ಉದ್ದ, ವರ್ಷ ವರ್ಷ ಚೊಗರು ಕುಡಿದು ಕೆಂಪಾಗಿ, ಸಿಯಾಟಲ್ಲಿನವರು ಕಂಡರೆ ಕಣ್ಣು ಹಾಕುವಂತಿದೆ. ಸಿಯಾಟಲ್ಲಿಗೂ ನಮಗೂ ಇರುವ ವ್ಯತ್ಯಾಸ ನಮ್ಮ ಅತ್ತಿಗೆ. "ಚೇಣಿ ಮಾಡೋನು ನಾಳೆ ಅಡಿಕೆ ಹರವಾಕೆ ಬಂದ್ರೆ ನಿಮ್ ಪೋಲೋನ ಎಲ್ಲಿ ಹರವ್ತೀರಿ?" ಎಂದು ಕೇಳಿದರು. ಕೊಯ್ಲು ಮುಗಿದು ಕಣ ಖಾಲಿ ಬಿದ್ದಿದ್ದ ಕಾಲವಾದ್ದರಿಂದ ಬಚಾವಾದೆವು.

ಕೊಡತಿಯ ಸಮಸ್ಯೆ ಒಂದೇ ಸಂಜೆಗೆ ಮುಗಿಯಿತು. ಅಡಿಕೆ ದಬ್ಬೆ ಸೀಳಿ ನಯ ಮಾಡಿದ ಹಿಡಿ, ಅದರ ತುದಿಗೆ ಬೋರ್‌ವೆಲ್‌ನಿಂದ ಉಳಿದ ಗಟ್ಟಿ ಪೈಪಿನ ತುಂಡು. ಕೊಡತಿ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳದಂತೆ ಗಾಲಿಗೆ ಮುಚ್ಚಳ ಬೇಕು ಎಂದ ಅಣ್ಣನ ಮಗ. ಕಳೆದ ಚುನಾವಣೆಯ ಫ್ಲೆಕ್ಸು ದನದ ಕೊಟ್ಟಿಗೆಗೆ ಮರೆಯಾಗಿ ನಿಂತಿತ್ತು, ಅದನ್ನೇ ದುಂಡಗೆ ಕತ್ತರಿಸಿ ಕಟ್ಟಿದೆವು. ನಾಯಕರೊಬ್ಬರ ಮುಖ ಗಾಲಿಯ ಜೊತೆಗೆ ಗರಗರ ತಿರುಗತೊಡಗಿತು. ತಲೆಕೆಳಗಾದಾಗಲೂ ಮುಗುಳ್ನಗೆ ಮಾಸಲಿಲ್ಲ, ಅನುಭವಸ್ಥರು.

ಉಳಿದದ್ದು ಗಾಲಿ. ಮನೆಯಲ್ಲಿ ಮೂರು ಸೈಕಲ್ ಇದ್ದವು: ಅಪ್ಪನ 28 ಇಂಚಿನದು, ಮಗಳಿಗೆ ಶಾಲೆಯಿಂದ ಬಂದ 26 ಇಂಚಿನದು, ಪಕ್ಕದ ಮನೆಯ ಹುಡುಗನಿಂದ ಬೆಲ್ಲದಾಸೆ ತೋರಿಸಿ ತಂದ 20 ಇಂಚಿನದು. ನಾನು ಕಣದ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅಂಪೈರ್ ಆದೆ.

ಅಪ್ಪನ ಸೈಕಲ್ ಗೌರವಾನ್ವಿತ ವಾಹನ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40, ಸರಳಿನ ಬ್ರೇಕು, ಮುಂದಕ್ಕೆ ಚಾಚಿದ ಫೋರ್ಕು. ಮುಂದೆ 44 ಹಲ್ಲಿನ ಚಕ್ರ, ಹಿಂದೆ 18 ಹಲ್ಲಿನದು ಇದ್ದರೆ ಒಂದು ಸುತ್ತು ಪೆಡಲು ತುಳಿದಾಗ ಗಾಡಿ ಐದೂವರೆ ಮೀಟರ್ ಹೋಗುತ್ತದೆ. ಹೊನ್ನಾಳಿ ರಸ್ತೆಗೆ ಇದು ವರ. ನೂರಡಿ ಕಣಕ್ಕೆ ಶಾಪ. ಐದಾರು ಸುತ್ತು ತುಳಿಯುವಷ್ಟರಲ್ಲಿ ಕಣ ಮುಗಿದು ತೋಟ ಬರುತ್ತದೆ. ಪೋಲೋದಲ್ಲಿ ಬೇಕಾದ್ದು ವೇಗವಲ್ಲ, ನಿಂತಲ್ಲಿಂದ ಚಿಮ್ಮುವುದು, ಚಿಮ್ಮಿದ್ದು ನಿಲ್ಲುವುದು, ನಿಂತದ್ದು ಗಿರ್ರನೆ ತಿರುಗುವುದು. ದೊಡ್ಡ ಗಾಲಿಯಲ್ಲಿ ತೂಕವೆಲ್ಲ ನಡುವಿನಿಂದ ದೂರ, ಅಂಚಿನಲ್ಲಿರುತ್ತದೆ; ಅದನ್ನು ಎಬ್ಬಿಸುವುದೂ ಕಷ್ಟ, ಕೂರಿಸುವುದೂ ಕಷ್ಟ. ಅಪ್ಪನ ಸೈಕಲ್ ತಿರುಗಬೇಕಾದರೆ ಮೊದಲು ಯೋಚಿಸುತ್ತದೆ, ಆಮೇಲೆ ಒಪ್ಪುತ್ತದೆ, ಅಷ್ಟರಲ್ಲಿ ಎದುರಾಳಿ ಗೋಲು ಹೊಡೆದು ಎಲೆ ಅಡಿಕೆ ಹಾಕಿಕೊಂಡಿರುತ್ತಾನೆ.

20 ಇಂಚಿನದು ಇದಕ್ಕೆ ತದ್ವಿರುದ್ಧ. ಹೇಳುವ ಮೊದಲೇ ತಿರುಗುತ್ತದೆ. ಕಡ್ಡಿ ಗಿಡ್ಡವಾದ್ದರಿಂದ ಗಾಲಿ ಗಟ್ಟಿ. ಇನ್ನೊಬ್ಬನ ಸೈಕಲ್ ಬಂದು ಗುದ್ದಿದರೂ ಸೊಟ್ಟಗಾಗುವುದಿಲ್ಲ. ಆದರೆ ಆರಡಿ ಎತ್ತರದ ಅಣ್ಣನ ಮಗ ಅದರ ಮೇಲೆ ಕೂತಾಗ ಮೊಣಕಾಲು ಕಿವಿಯ ಹತ್ತಿರ ಬಂತು. ಸಿಮೆಂಟಿನ ಒಂದು ಸೀಳಿಗೆ ಮುಂದಿನ ಗಾಲಿ ಸಿಕ್ಕಿತು, ಅವನು ಹ್ಯಾಂಡಲ್ ದಾಟಿ ಹೋದ. ಅತ್ತಿಗೆ ಅರಿಶಿನ ತಂದರು; ಜೊತೆಗೆ, "ಇದೇನು ಆಟಾನೋ, ಹೋರಿ ಬೆದರ್ಸೋದೋ?" ಎಂಬ ಪ್ರಶ್ನೆಯನ್ನೂ.

ದೊಡ್ಡ ಗಾಲಿಯ ಪರವಾಗಿ ಒಂದು ವಾದವಿತ್ತು. ಗೋಲಿನ ಮುಂದೆ ಸೈಕಲ್ ಅಡ್ಡ ನಿಲ್ಲಿಸಿದರೆ ದೊಡ್ಡ ಗಾಲಿ ಹೆಚ್ಚು ಜಾಗ ಮುಚ್ಚುತ್ತದಲ್ಲ? ಅಣ್ಣನ ಮಗ ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡೇ ಲೆಕ್ಕ ಹಾಕಿದ. ಗಾಲಿ ನೆಲಕ್ಕೆ ತಾಗುವುದು ಒಂದೇ ಬಿಂದುವಿನಲ್ಲಿ. ಉರುಳಿ ಬರುವ ಚೆಂಡಿನ ನಡುಮಟ್ಟದಲ್ಲಿ, ಅಂದರೆ ನೆಲದಿಂದ ಮೂರು ಚಿಲ್ಲರೆ ಸೆಂಟಿಮೀಟರ್ ಮೇಲೆ, 28 ಇಂಚಿನ ಗಾಲಿ ತಡೆಯುವುದು ಸುಮಾರು 30 ಸೆಂಟಿಮೀಟರ್ ಅಗಲ. 26 ಇಂಚಿನದು ಅದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕಡಿಮೆ. ಒಂದು ಹೋಳು ಅಡಿಕೆಯಷ್ಟು ವ್ಯತ್ಯಾಸಕ್ಕೆ ಅಪ್ಪನ ಸೈಕಲ್ಲಿನ ಭಾರ ಹೊರಬೇಕಿಲ್ಲ ಎಂದಾಯಿತು.

ಹಾಗಾದರೆ 26. ಎಲ್ಲರೂ ಒಪ್ಪಿದೆವು. ಮಗಳ ಸೈಕಲ್ಲಿನ ಹಿಂದಿನ ಟೈರ್ ಸವೆದಿತ್ತು. ಅಣ್ಣನ ಮಗ ಹೊನ್ನಾಳಿಗೆ ಹೋಗಿ ದಪ್ಪ ಬಟನಿನ ಹೊಸ 26 ಇಂಚಿನ ಟೈರ್ ತಂದ. ಅದು ಆ 26 ಇಂಚಿನ ರಿಮ್ಮಿಗೆ ಕೂರಲಿಲ್ಲ. ಅವನು ಎಳೆದ, ನಾನು ಹಿಡಿದೆ, ಕೆಲಸದಾಳು ಕಬ್ಬಿಣದ ಪಟ್ಟಿ ಹಾಕಿ ಮೀಟಿದ. ಕೊನೆಗೆ ಸೈಕಲ್ ಶಾಪಿನ ಚಾಚಾನ ಹತ್ತಿರ ಹೋದೆವು.

ಚಾಚಾ ಕನ್ನಡಕ ಏರಿಸಿ ಎರಡು ಟೈರಿನ ಪಕ್ಕೆಯನ್ನೂ ಓದಿದರು. "ಇದು ಇಪ್ಪತ್ತಾರು ಒಂದೂ ಮೂರೆಂಟನೇ. ಇದು ಇಪ್ಪತ್ತಾರು ಒಂದು ಪಾಯಿಂಟ್ ಎಪ್ಪತ್ತೈದು. ಎರಡೂ ಇಪ್ಪತ್ತಾರೇ ಕಣಪ್ಪ, ಆದ್ರೆ ಇದ್ರದ್ದು ಅದಕ್ಕಾಗಲ್ಲ."

ಹಿಂದೆ ಊರಿಗೊಂದು ಅಳತೆಯ ಸೇರು ಇದ್ದ ಹಾಗೆ ಇದು. ಇಂಚಿನ ಲೆಕ್ಕ ರಿಮ್ಮಿನದಲ್ಲ, ಗಾಳಿ ತುಂಬಿದ ಟೈರಿನ ಹೊರಗಿನ ಅಡ್ಡಳತೆ, ಅದೂ ಅಂದಾಜು. ಹೊರಗೆ 26 ಉಳಿಯಬೇಕು, ಟೈರ್ ಮಾತ್ರ ತೆಳ್ಳಗಾಗಬೇಕು ಎಂದರೆ ಒಳಗಿನ ರಿಮ್ ದೊಡ್ಡದಾಗಲೇಬೇಕು. ಒಂದೂ ಮೂರೆಂಟನೆಯ ಟೈರ್ ಕೂರುವ ರಿಮ್ಮಿನ ಅಡ್ಡಳತೆ 590 ಮಿಲಿಮೀಟರ್. ಒಂದು ಪಾಯಿಂಟ್ ಎಪ್ಪತ್ತೈದರದು 559. ಈಗಿನ ಫ್ಯಾಷನ್ನಿನ 29 ಇಂಚಿನ ಗಾಲಿಯ ರಿಮ್ 622, ನಮ್ಮಪ್ಪನ 28 ಇಂಚಿನದು 635. ಅಂದರೆ ಬೆಂಗಳೂರಿನ ಇಪ್ಪತ್ತೊಂಬತ್ತರ ರಿಮ್ಮಿಗಿಂತ ಸಾಸ್ವೆಹಳ್ಳಿಯ ಇಪ್ಪತ್ತೆಂಟರ ರಿಮ್ಮೇ ದೊಡ್ಡದು! ಇದನ್ನು ಕೇಳಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. 1997ರಲ್ಲಿ ಶಿವಮೊಗ್ಗ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಒಂದಿಂಚೂ ಅಲುಗದೆ ಹೋದ ತಾಲ್ಲೂಕಿನವರು ನಾವು. ಹೆಸರು ಬೇರೆ, ಅಳತೆ ಬೇರೆ ಎಂಬುದು ನಮಗೆ ಅಭ್ಯಾಸವಾಗಿದೆ. ಅಪ್ಪನಿಗೆ ಮಾತ್ರ ಈ ಸುದ್ದಿ ಬಹಳ ಹಿಡಿಸಿತು. ಸಂಜೆ ಕಟ್ಟೆಯ ಮೇಲೆ ಕೂತವರಿಗೆಲ್ಲ 635 ಎಂಬ ಸಂಖ್ಯೆಯನ್ನು ತಾವೇ ಬೆಳೆದ ಅಡಿಕೆಯ ಧಾರಣೆಯಷ್ಟು ಹೆಮ್ಮೆಯಿಂದ ಹೇಳಿದರು.

"ಚಾಚಾ, ಎರಡರಲ್ಲಿ ಆಟಕ್ಕೆ ಯಾವುದು?" ಎಂದು ಅಣ್ಣನ ಮಗ ಕೇಳಿದ.

ಚಾಚಾಗೆ ಪೋಲೋ ಗೊತ್ತಿಲ್ಲ, ಗಾಲಿ ಗೊತ್ತು. "ಹೊಡೆದಾಟದ ಆಟ ಅಂತೀಯ. ದಿನಾ ಕಡ್ಡಿ ಮುರಿತೈತೆ, ಟ್ಯೂಬ್ ಒಡಿತೈತೆ. ಸಣ್ಣ ರಿಮ್, ದಪ್ಪ ಟೈರ್ ತಗೋ. ಅದ್ರ ಟ್ಯೂಬ್ ನನ್ ಹತ್ರ ಯಾವಾಗ್ಲೂ ಇರ್ತೈತೆ. ಬೆಂಗ್ಳೂರಿನ ಗಾಲಿ ತಂದ್ರೆ ಕಡ್ಡಿಗೂ ನೀನು ಬೆಂಗ್ಳೂರಿಗೇ ಹೋಗ್ಬೇಕು." ಅಣ್ಣನ ಮಗ ತಿಂಗಳುಗಟ್ಟಲೆ ಓದಿದ ಜ್ಞಾನವನ್ನೆಲ್ಲ ಈ ಕೊನೆಯ ಮಾತು ನುಂಗಿ ನೀರು ಕುಡಿಯಿತು. ಚಿಮ್ಮುವ ಶಕ್ತಿ, ತಿರುಗುವ ಚುರುಕು, ಗೋಲು ಮುಚ್ಚುವ ಅಗಲ ಎಲ್ಲ ಸರಿ. ಟ್ಯೂಬ್ ಎಲ್ಲಿ ಸಿಗುತ್ತದೆ ಎಂಬುದನ್ನು ಆ ಪುಸ್ತಕಗಳಲ್ಲಿ ಯಾರೂ ಮೊದಲ ಪುಟದಲ್ಲಿ ಬರೆಯುವುದಿಲ್ಲ.

ಹಳೆಯ ರೇಂಜರ್ ಸೈಕಲ್ಲೊಂದನ್ನು ಚಾಚಾನೇ ಹುಡುಕಿಕೊಟ್ಟರು. ಮುಂದಿನ ಹಲ್ಲಿನ ಚಕ್ರ ಬದಲಾಯಿಸಿ 32 ಹಲ್ಲಿನದು ಹಾಕಿದರು. ಈಗ ಒಂದು ಸುತ್ತಿಗೆ ಮೂರೂವರೆ ಮೀಟರ್ ಚಿಲ್ಲರೆ ಹೋಗುತ್ತದೆ, ನಮ್ಮ ಕಣಕ್ಕೆ ಹೇಳಿ ಮಾಡಿಸಿದ ಹಾಗೆ. ಪೆಡಲಿನ ಮೇಲಿನ ಕಾಲ್ಬೆರಳಿಗೆ ಮುಂದಿನ ಗಾಲಿ ತಾಗುವುದಿಲ್ಲ, ಬಿಗಿಯಾಗಿ ತಿರುಗಿದರೂ.

ಆದ್ದರಿಂದ ನಮ್ಮ ಸೀಮೆಯಲ್ಲಿ ಈ ಆಟಕ್ಕೆ ಸೈಕಲ್ ಕೊಳ್ಳುವವರು 26 ಇಂಚಿನ ಗಾಲಿಯದನ್ನೇ ಕೊಳ್ಳಿ, ಅದೂ ಟೈರಿನ ಪಕ್ಕೆಯಲ್ಲಿ 559 ಎಂದು ಅಚ್ಚಾಗಿರುವುದನ್ನು ಓದಿಕೊಂಡು. ಅಂಗಡಿಯವರು "ಎಲ್ಲ ಇಪ್ಪತ್ತಾರೂ ಒಂದೇ" ಎಂದರೆ ನಂಬಬೇಡಿ. ಸದ್ಯಕ್ಕೆ ನಮ್ಮ ಕಡೆ ಇಬ್ಬರಿದ್ದಾರೆ, ಇನ್ನೂ ನಾಲ್ವರು ಬೇಕು. ಕಣ ಖಾಲಿ ಇರುವುದು ಮಳೆ ಹಿಡಿಯುವವರೆಗೆ ಮಾತ್ರ; ಬರುವವರು ಕೊಡತಿಯನ್ನು ತಾವೇ ತರಬೇಕು, ಅತ್ತಿಗೆಯ ಅನುಮತಿಯನ್ನು ನಾನು ಕೊಡಿಸುತ್ತೇನೆ.