ಮಾಜಿ ಶಿಕಾರಿ

ಬೇಟೆ ಬಿಟ್ಟು ಬೇಟೆಯ ಮಾತು ಬಿಡದ ಗಂಡಸು ಮಾಜಿ ಶಿಕಾರಿ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ಕಡಲೆಕಾಯಿ ಸೀಮೆಯಲ್ಲಿ, ಟೀ ಅಂಗಡಿಯ ಬೆಂಚುಗಳ ಮೇಲೆ ಇವನು ವರ್ಷವಿಡೀ ಕಾಣಸಿಗುತ್ತಾನೆ. ವಯಸ್ಸು ಅರವತ್ತರ ಮೇಲೆ. ತಲೆಗೆ ಖಾಕಿ ಟೋಪಿ, ಹಗಲಲ್ಲೂ ಜೇಬಿನಲ್ಲಿ ಟಾರ್ಚು. ಬಂದೂಕು ಇಲ್ಲ. ಒಂದು ಕಾಲಕ್ಕೆ ಇತ್ತು, ಅದೂ ಚಿಕ್ಕಪ್ಪನದು. ಹೊಡೆದ ಜಿಂಕೆಗಳ ಲೆಕ್ಕ ಕೇಳುಗರು ಹೆಚ್ಚಿದಂತೆ ಏರುತ್ತದೆ, ಅರಣ್ಯ ಇಲಾಖೆಯ ಜೀಪು ಕಂಡರೆ ಸೊನ್ನೆಗೆ ಇಳಿಯುತ್ತದೆ.

ಈಚೆಗೆ ಫೋನಿನಲ್ಲಿ ಅಮೆರಿಕದ ಶಿಕಾರಿ ವಿಡಿಯೋ ನೋಡುವ ಒಂದು ಉಪಜಾತಿ ಹುಟ್ಟಿಕೊಂಡಿದೆ. ಅಲ್ಲಿನ ಬಿಳಿಬಾಲದ ಜಿಂಕೆಯ ಗಂಡು ಬೆದೆಗಾಲದಲ್ಲಿ ಬಾಗಿದ ಕೊಂಬೆಯ ಕೆಳಗೆ ಗೊರಸಿನಿಂದ ನೆಲ ಕೆರೆದು, ಹಿಂಗಾಲಿನ ಒಳಬದಿಯ ಗ್ರಂಥಿಗಳ ಮೇಲೆ ಹರಿದು ಬೀಳುವಂತೆ ಅಲ್ಲಿ ಉಚ್ಚೆ ಹೊಯ್ಯುತ್ತದೆ; ಕೊಂಬೆಯನ್ನು ನೆಕ್ಕಿ, ಹಣೆ ಉಜ್ಜಿ ವಾಸನೆ ಅಂಟಿಸುತ್ತದೆ. ಆ ದಾರಿಯಲ್ಲಿ ಬರುವ ಜಿಂಕೆಗಳಿಗೆಲ್ಲ ಅದು ನೋಟಿಸ್ ಬೋರ್ಡು. ಬೇಟೆಗಾರ ಕೋಲಿನಿಂದ ಹುಸಿ ಕೆರೆತ ಮಾಡಿ, ಸೀಸೆಯಲ್ಲಿ ಕೊಂಡು ತಂದ ಹೆಣ್ಣುಜಿಂಕೆಯ ಉಚ್ಚೆ ಚಿಮುಕಿಸುತ್ತಾನೆ. ರಬ್ಬರ್ ಬೂಟು, ಕೈಗವಸು ತೊಟ್ಟು ತನ್ನ ವಾಸನೆ ಅಡಗಿಸಿಕೊಂಡು, ಗಾಳಿ ತನ್ನ ಕಡೆ ಬೀಸುವಲ್ಲಿ ಕಾಯುತ್ತಾನೆ. ಜಿಂಕೆಗಳನ್ನು ಕೊಲ್ಲುವ ಒಂದು ಮಿದುಳುರೋಗ ಹರಡೀತೆಂದು ಅಲ್ಲಿನ ಕೆಲವು ರಾಜ್ಯಗಳು ಅಸಲಿ ಉಚ್ಚೆಯನ್ನು ನಿಷೇಧಿಸಿವೆ. ದುಡ್ಡು ಕೊಟ್ಟು ಉಚ್ಚೆ ಕೊಳ್ಳುತ್ತಾರೆಂದು ಕೇಳಿ ಬೆಂಚು ಪೂರ್ತಿ ನಗುತ್ತದೆ. ನಗುವವರಲ್ಲಿ ಇಬ್ಬರ ಮನೆಯಲ್ಲಾದರೂ ಗ್ರಂಥಿಗೆ ಅಂಗಡಿಯ ಗೋಮೂತ್ರದ ಬಾಟಲಿ ಇರುತ್ತದೆ.

ವಿವರಣೆ ಪ್ರಾತ್ಯಕ್ಷಿಕೆಗೆ ತಿರುಗುವುದು ರೂಢಿ. ಹುಣಿಸೆಮರದ ಕೆಳಗೆ ಚಪ್ಪಲಿಯ ತುದಿಯಿಂದ ಅವನು ತಟ್ಟೆಯಗಲ ಮಣ್ಣು ಕೆರೆಯುತ್ತಾನೆ. “ಈಗ್ ತಾನೆ ನೀರ್ ಹೊಡ್ದಿದೀನಿ, ಕೆರೀಬೇಡ ಮಾಮಾ,” ಎಂದು ಅಂಗಡಿ ಹುಡುಗ ಗೊಣಗುತ್ತಾನೆ. ಸ್ವಲ್ಪ ಹೊತ್ತಿಗೆ ಬೀದಿನಾಯಿಯೊಂದು ಬಂದು, ಮೂಸಿ, ಕಾಲೆತ್ತಿ ಹೋಗುತ್ತದೆ. ಶಾಸ್ತ್ರ ಸುಳ್ಳಲ್ಲವೆಂಬುದಕ್ಕೆ ಅವನಿಗೆ ಅಷ್ಟು ಸಾಕ್ಷಿ ಸಾಕು.

ತೊಡಕೆಂದರೆ ಈ ಸೀಮೆಯ ಕೃಷ್ಣಮೃಗ ಆ ವಿಡಿಯೋ ನೋಡಿಲ್ಲ. ಬಯಲಿನ ಪ್ರಾಣಿಗೆ ಬಾಗಿದ ಕೊಂಬೆ ಎಲ್ಲಿಂದ ಬರಬೇಕು? ಅದರ ಗಂಡು ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ, ಕಣ್ಣಿನ ಮುಂದಿನ ಗ್ರಂಥಿಯ ರಸವನ್ನು ಹುಲ್ಲುಕಡ್ಡಿಗೆ ಒರೆಸಿ ತನ್ನ ಗಡಿ ಸಾರುತ್ತದೆ. ಹಿಂದೂಪುರದಿಂದ ದೂರವಿಲ್ಲದ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಸಂರಕ್ಷಿತ ಪ್ರದೇಶದಲ್ಲಿ ಇದನ್ನು ಕಣ್ಣಾರೆ ನೋಡಬಹುದು; ಮಾಜಿ ಶಿಕಾರಿ ಅಲ್ಲಿಗೆ ಹೋಗುವುದಿಲ್ಲ, ಬಿಸಿಲು. ಈ ಗಡಿಯ ಹಟವನ್ನೇ ನಂಬಿದ್ದ ಹಳೆಯ ಉಪಾಯ ಐನ್-ಇ-ಅಕ್ಬರಿಯಲ್ಲಿದೆ: ಪಳಗಿಸಿದ ಜಿಂಕೆಯ ಕೊಂಬಿಗೆ ಬಲೆ ಕಟ್ಟಿ ಬಿಡುವುದು, ಕಾದಲು ಬಂದ ಕಾಡಿನ ಗಂಡು ಅದರಲ್ಲಿ ಸಿಕ್ಕಿಬೀಳುವುದು. ಬೆಂಚಿನ ಆವೃತ್ತಿಯಲ್ಲಿ ಇದನ್ನು ಕಂಡುಹಿಡಿದವನು ಅವನ ಮುತ್ತಾತ.

ಕಾನೂನಿನಲ್ಲಿ ಮಾತ್ರ ಅವನು ತಪ್ಪುವುದಿಲ್ಲ. ಕೃಷ್ಣಮೃಗ ಆಂಧ್ರದ ರಾಜ್ಯಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿದೆ, ಕೊಂದರೆ 3ರಿಂದ 7 ವರ್ಷ ಜೈಲು. ಇಷ್ಟನ್ನೂ ಸೆಕ್ಷನ್ ಸಮೇತ ಒಪ್ಪಿಸಿ, “ನಮ್ ಕಾಲ್ದಾಗೆ ಇವೆಲ್ಲ ಇರ್ಲಿಲ್ಲಪ್ಪ” ಎನ್ನುತ್ತಾನೆ. 1972ರಲ್ಲಿ ಅವನು ಒಂದನೇ ಕ್ಲಾಸಿನಲ್ಲಿದ್ದ.

ಅವನ ನಿಜವಾದ ಕೈಚಳಕ ಕಾಣುವುದು ಬೆಂಚಿಗೆ ಹೊಸಬ ಬಂದು ಕೂತಾಗ. “ಆವತ್ತು ರಾತ್ರಿ, ರೊಳ್ಳದ ಗುಡ್ಡದ ಹಿಂದೆ…” ಎಂದು ಗಾಳಿಯಲ್ಲಿ ಬಿಟ್ಟು, ಬರಿದಾದ ಲೋಟದ ತಳ ನೋಡುತ್ತ ಸುಮ್ಮನಾಗುತ್ತಾನೆ. ಹಳಬರು ಪೇಪರು ಮಡಚಿ ಎದ್ದುಹೋಗುತ್ತಾರೆ. ಹೊಸಬ ಒಂದಿಷ್ಟು ಕಾದು ಹತ್ತಿರ ಸರಿಯುತ್ತಾನೆ: “ಆಮೇಲೇನಾಯ್ತು ಮಾಮಾ?” ಅಂಗಡಿ ಹುಡುಗ ಕೇಳದೆಯೇ ಎರಡು ಟೀ ಇಟ್ಟು ಹೊಸಬನ ಲೆಕ್ಕಕ್ಕೆ ಬರೆಯುತ್ತಾನೆ. ಕಥೆಯ ಜಿಂಕೆ ಪ್ರತಿ ಸಲವೂ ಕೊನೇ ಗಳಿಗೆಯಲ್ಲಿ ಗಡಿ ದಾಟಿ ಕರ್ನಾಟಕಕ್ಕೆ ಓಡಿಹೋಗುತ್ತದೆ.