ದೀಪದ ಬುಡದ ಕತ್ತಲೆ: ಒಂದು ಮಾಪನ ಮೀಮಾಂಸೆ

‘ದೀಪದ ಬುಡದಲ್ಲಿ ಕತ್ತಲೆ’ ಎಂಬ ಗಾದೆಯನ್ನು ನಮ್ಮವರು ತಲೆತಲಾಂತರದಿಂದ ಮೇಷ್ಟ್ರ ಮಗನ ಮೇಲೂ ವೈದ್ಯರ ಹೆಂಡತಿಯ ಮೇಲೂ ಪ್ರಯೋಗಿಸುತ್ತ ಬಂದಿದ್ದಾರೆಯೇ ಹೊರತು, ಆ ಕತ್ತಲೆ ಎಷ್ಟು ಇಂಚಿನವರೆಗೆ ಎಂದು ಒಬ್ಬರಾದರೂ ಅಳೆದಂತಿಲ್ಲ. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಸಂಶೋಧನಾ ಕ್ಷೇತ್ರ: ನಮ್ಮ ಮನೆಯ ಊಟದ ಮೇಜು. ಕಾಲ: ಕರೆಂಟು ಹೋದಾಗ, ಅರ್ಥಾತ್ ಅನುದಿನ.

ಪೂರ್ವಸೂರಿಗಳಲ್ಲಿ ನನಗೆ ಸಮ್ಮತನಾದವನು ಯೋಹಾನ್ ಹೈನ್ರಿಕ್ ಲ್ಯಾಂಬರ್ಟ್. ದರ್ಜಿಯ ಮಗ, ಅಳತೆ ರಕ್ತದಲ್ಲೇ ಬಂದಿರಬೇಕು. 1760ರಲ್ಲಿ ‘ಫೋಟೊಮೆಟ್ರಿಯ’ ಎಂಬ ಉದ್ಗ್ರಂಥವನ್ನು ಲ್ಯಾಟಿನ್ನಿನಲ್ಲಿ ಬರೆದ. ಸಾರ ಇಷ್ಟೆ: ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಓರೆಯಾಗಿ ಬಿದ್ದರೆ, ಒಂದೇ ಸೌಟು ಹಿಟ್ಟನ್ನು ಕಾವಲಿ ತುಂಬ ಎಳೆದ ದೋಸೆಯಂತೆ ತೆಳುವಾಗುತ್ತದೆ.

ಉಪಕರಣದ ವಿಷಯದಲ್ಲಿ ನಾನು ರಸಾಯನವಿಜ್ಞಾನಿ ಬುನ್ಸೆನ್‌ನ ಮತಾನುಯಾಯಿ. ಕಾಗದಕ್ಕೆ ಎಣ್ಣೆ ಕಲೆ ಮಾಡಿ ಎರಡು ದೀಪಗಳ ನಡುವೆ ಹಿಡಿದರೆ, ಎರಡೂ ಕಡೆಯ ಬೆಳಕು ಸಮವಾದಲ್ಲಿ ಕಲೆ ಹೆಚ್ಚುಕಡಿಮೆ ಕಾಣದಾಗುತ್ತದೆ. ಬೋಂಡಾ ಕಟ್ಟಿಕೊಟ್ಟ ಕಾಗದವನ್ನು ಮೋಂಬತ್ತಿಗೂ ಮೊಬೈಲ್ ಟಾರ್ಚಿಗೂ ನಡುವೆ ನಿಲ್ಲಿಸಿ ಸ್ಕೇಲು ತರಲು ಎದ್ದೆ. ಬರುವಷ್ಟರಲ್ಲಿ ಕಲೆಯ ಜೊತೆಗೆ ಕಾಗದವೂ ಕಾಣದಾಗಿತ್ತು. “ರೀ, ಎಣ್ಣೆ ಕಾಗದ ಮೇಜಿನ ಮೇಲೆ ಬಿಡಬೇಡಿ, ಇರುವೆ ಬರುತ್ತೆ” ಎಂದಳು ಮನೆಯಾಕೆ. ಬುನ್ಸೆನ್ ಈ ಸಾಧ್ಯತೆಯನ್ನು ಗಣನೆಗೆ ತೆಗೆದುಕೊಂಡಿರಲಾರ.

ಉಳಿದದ್ದು ಗಣಿತ. ದೀಪ ತೀರ ತಗ್ಗಿನಲ್ಲಿದ್ದರೆ ಬೆಳಕು ಓರೆ, ತೀರ ಎತ್ತರದಲ್ಲಿದ್ದರೆ ದೂರ. ಲೆಕ್ಕ ಹಾಕಿದರೆ, ಓದುವ ಸಾಲು ದೀಪದ ಬುಡದಿಂದ ಎಷ್ಟು ದೂರವಿದೆಯೋ ಅದರ 0.707ರಷ್ಟು ಎತ್ತರದಲ್ಲಿ ಜ್ವಾಲೆ ಇರುವುದು ಶ್ರೇಷ್ಠ. ಸಾಲು 12 ಇಂಚು ಆಚೆಗಿದ್ದರೆ ಜ್ವಾಲೆಯ ಎತ್ತರ 8.5 ಇಂಚು, ಪುಟಕ್ಕೆ ದಕ್ಕುವುದು ಸುಮಾರು 4 ಲಕ್ಸ್ ಬೆಳಕು. ನನ್ನ ಮೋಂಬತ್ತಿ ಉರಿದುರಿದು 2 ಇಂಚಿಗೆ ಬಂದಿತ್ತು. ಮಿಕ್ಕ 6.5 ಇಂಚಿಗೆ ಕನ್ನಡ ನಿಘಂಟು, ಅದರ ಮೇಲೆ ಮಗಳ ಎಂಜಿನಿಯರಿಂಗ್ ಪುಸ್ತಕಗಳು, ಕೊನೆಗೆ ಒಂದು ಪಂಚಾಂಗ. ಅದರ ನಟ್ಟನಡುವೆ ಮೋಂಬತ್ತಿ ಊರಿ ಓದಲು ಕೂತೆ.

ಎತ್ತರ ಸರಿ, ದೂರ ಸರಿ, ಪುಟ ಮಾತ್ರ ಕಪ್ಪು.

ಕಾರಣ ಹುಡುಕಲು ಒಂದು ರಾತ್ರಿ ಹಿಡಿಯಿತು. ಪಂಚಾಂಗದ ಅಂಚು ಜ್ವಾಲೆಯಿಂದ 3 ಇಂಚು ಆಚೆಗಿದೆ, 2 ಇಂಚು ಕೆಳಗಿದೆ. ಆ ಅಂಚನ್ನು ಸವರಿಕೊಂಡು ಇಳಿಯುವ ಬೆಳಕು ಮೇಜು ಮುಟ್ಟುವುದು 12.75 ಇಂಚಿನಲ್ಲಿ. ನನ್ನ ಸಾಲು ಇದ್ದದ್ದು 12ರಲ್ಲಿ.

ಗಾದೆ ಹೇಳುವವರು ಇನ್ನು ಮುಂದೆ ಈ 12.75 ಇಂಚನ್ನೂ ಸೇರಿಸಿಯೇ ಹೇಳಬೇಕಾಗಿ ವಿನಂತಿ.