ಗೈಡ್ ಮೀಮಾಂಸೆ

ಕ್ಲಾಸಿಗೆ ಕಾಲಿಡದೆ, ಒಂದೇ ಪರೀಕ್ಷೆ ಬರೆದು ಕಾಲೇಜಿನ ಕ್ರೆಡಿಟ್ ಗಿಟ್ಟಿಸುವ ವಿದ್ಯೆಗೆ ಅಮೆರಿಕದಲ್ಲಿ ಕ್ಲೆಪ್ ಎಂದು ಹೆಸರು. ಕಾಲೇಜ್ ಬೋರ್ಡ್ ನಡೆಸುವ ಈ ಯಜ್ಞದಲ್ಲಿ ಬಹುಪಾಲು ಪರೀಕ್ಷೆಗಳು 90 ನಿಮಿಷಕ್ಕೆ ಮುಗಿದರೂ ಯಾವ ಗೈಡ್ ಕೊಳ್ಳಬೇಕೆಂಬ ಚರ್ಚೆ ಮುಗಿಯುವುದಿಲ್ಲ. ಅದಕ್ಕೊಂದು ಶಾಸ್ತ್ರ ಬೇಕಾದ್ದರಿಂದ ಇಲ್ಲಿ ಪ್ರತಿಪಾದಿಸುವುದಿಷ್ಟು: ಯಾವ ಗೈಡ್ ಓದುಗನನ್ನು ಮನೆಯಲ್ಲೇ ಫೇಲು ಮಾಡುತ್ತದೋ ಅದೇ ಶ್ರೇಷ್ಠ.

ದಪ್ಪ ಇದ್ದಷ್ಟೂ ಒಳ್ಳೆಯದೆಂಬುದು ಪೂರ್ವಪಕ್ಷ. ಆದರೆ ಅಂಕಗಳ ವ್ಯಾಪ್ತಿ 20ರಿಂದ 80. ಕ್ರೆಡಿಟ್ ಕೊಡಲು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಸಾಮಾನ್ಯವಾಗಿ ಶಿಫಾರಸು ಮಾಡುವುದು 50. ಅದನ್ನೊಪ್ಪಿದ ಕಾಲೇಜಿನಲ್ಲಿ 50 ಬಂದವನಿಗೂ 78 ಬಂದವನಿಗೂ ಅದೇ ಕ್ರೆಡಿಟ್. ಆದ್ದರಿಂದ 50ನೆಯ ಅಂಕದಿಂದಾಚೆಗಿನ ಓದೆಲ್ಲ ಶುದ್ಧ ನಿಷ್ಕಾಮ ಕರ್ಮ. ಸ್ಪ್ಯಾನಿಷ್‌ನಂಥ ಭಾಷಾ ಪರೀಕ್ಷೆಗಳಲ್ಲಿ ಹೆಚ್ಚು ಅಂಕಕ್ಕೆ ಹೆಚ್ಚು ಕ್ರೆಡಿಟ್ ಸಿಗುವುದುಂಟು, ನಿಜ. ಅಪವಾದವೇ ಇಲ್ಲದ ಶಾಸ್ತ್ರವನ್ನು ಪಂಡಿತರು ಶಾಸ್ತ್ರವೆಂದು ಒಪ್ಪುವುದೂ ಇಲ್ಲವಲ್ಲ! ಹಾಗೆಂದು ತೆಳುವಾದದ್ದೂ ಸಾಲದು. ಕಾಲೇಜ್ ಬೋರ್ಡಿನ ಅಧಿಕೃತ ಗೈಡು ಎಲ್ಲ ವಿಷಯಗಳನ್ನೂ ಒಂದೇ ಸಂಪುಟದಲ್ಲಿ ಅಡಕ ಮಾಡಿರುವುದರಿಂದ ಪ್ರತಿ ವಿಷಯಕ್ಕೂ ತೆಳುವಾಗಿ, ಹಸಿವನ್ನು ಅಳೆಯುತ್ತದೆಯೇ ಹೊರತು ಊಟ ಬಡಿಸುವುದಿಲ್ಲ.

ಹಾಗಾದರೆ ಲಕ್ಷಣವೇನು? ಕೊಳ್ಳುವ ಮೊದಲು ಹಿಂದಿನ ಪುಟಗಳನ್ನು ತೆರೆಯಿರಿ. ಮಾದರಿ ಪ್ರಶ್ನೆಪತ್ರಿಕೆಯ ಕೊನೆಗೆ ಬರೀ ‘17. ಸಿ, 18. ಎ’ ಎಂದಿದ್ದರೆ ಅದು ಶಬ್ದಪ್ರಮಾಣ, ಗುರುವಾಕ್ಯವೆಂದು ನಂಬಿಕೊಳ್ಳಬೇಕು. ‘ಸಿ’ ಏಕೆ ಸರಿ, ನೀವು ಗುರುತು ಹಾಕಿದ ‘ಬಿ’ ಏಕೆ ತಪ್ಪು ಎಂದು ನಾಲ್ಕು ಸಾಲು ಬರೆದಿದ್ದರೆ ಮಾತ್ರ ಫೇಲಾದದ್ದಕ್ಕೂ ಬೆಲೆ ಬರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯದ ಈ ಪರೀಕ್ಷೆಯಲ್ಲಿ ಗೊತ್ತಿಲ್ಲದವರಿಗೆ ಅನುಮಾನಪ್ರಮಾಣವೊಂದೇ ಗತಿ. ತಪ್ಪು ಆಯ್ಕೆಗಳನ್ನು ತಳ್ಳಿಹಾಕುವುದನ್ನು ಕಲಿಸದ ಗೈಡು ಆ ಗತಿಯನ್ನೂ ಕೆಡಿಸುತ್ತದೆ.

ಮನೆಯಲ್ಲೇ ಫೇಲಾದರೆ ಧೈರ್ಯ ಕುಂದುವುದಿಲ್ಲವೇ ಎಂಬುದು ಆಕ್ಷೇಪ. ಕುಂದಲಿ. ಪರೀಕ್ಷಾ ಕೇಂದ್ರದಲ್ಲಿ ಫೇಲಾದವನು ಕಟ್ಟಿದ ಫೀಸನ್ನೂ ಕಳೆದುಕೊಂಡು ಅದೇ ವಿಷಯಕ್ಕೆ ಮೂರು ತಿಂಗಳು ಕಾಯಬೇಕು; ಮನೆಯಲ್ಲಿ ಫೇಲಾದವನು ಕಾಫಿ ಕುಡಿದು ಮತ್ತೆ ಕೂರಬಹುದು. ಮಾಡರ್ನ್ ಸ್ಟೇಟ್ಸ್ ಸಂಸ್ಥೆಯ ಕ್ಲೆಪ್ ತಯಾರಿಯ ಕೋರ್ಸುಗಳು ಉಚಿತವಾಗಿರುವಾಗ ಗೈಡಿಗೆ ದುಡ್ಡೇಕೆ ಎನ್ನುವವರಿಗೂ ಇದೇ ಉತ್ತರ: ಅವು ನಿಮ್ಮನ್ನು ಫೇಲು ಮಾಡಬಲ್ಲವಾದರೆ ಧಾರಾಳವಾಗಿ ಓದಿ.

ಇನ್ನು ಯಾವ ಪರೀಕ್ಷೆಗೆ, ಎಷ್ಟು ಅಂಕಕ್ಕೆ, ಎಷ್ಟು ಕ್ರೆಡಿಟ್ ಎಂಬುದನ್ನು ಪ್ರತಿ ಕಾಲೇಜೂ ತಾನೇ ನಿರ್ಧರಿಸುತ್ತದೆ. ಅದನ್ನು ತಿಳಿಸುವ ನಿಯಮಪತ್ರ ಪುಕ್ಕಟೆ, ತೀರಾ ತೆಳು, ಮತ್ತು ಓದು ಶುರುವಾಗುವ ಮೊದಲೇ ಅರ್ಧ ಜನರನ್ನು ಮನೆಯಲ್ಲೇ ಫೇಲು ಮಾಡಬಲ್ಲದು. ಆದರೂ ಮುಖಪುಟದಲ್ಲಿ ನಗುವ ವಿದ್ಯಾರ್ಥಿಯ ಚಿತ್ರವಿಲ್ಲದ ಕಾರಣ ಅದನ್ನು ಯಾರೂ ಗೈಡೆಂದು ಗುರುತಿಸಿಲ್ಲ.